ಕರಾವಳಿಯ ಚಟ್ಟಿಯಲ್ಲಿ ರಾನನ್‌ಕ್ಯುಲಸ್: ಆನ್‌ಲೈನ್ ಗಡ್ಡೆ ತರಿಸಬಹುದಾ?

ನೇರ ವಿಷಯಕ್ಕೆ ಬರುತ್ತೇನೆ. ರಾನನ್‌ಕ್ಯುಲಸ್ ಅಂದರೆ ಎಸಳಿನ ಮೇಲೆ ಎಸಳು ಇರುವ, ತಂಪು ಊರಿನ ಒಂದು ಹೂ. ಆನ್‌ಲೈನ್‌ನಲ್ಲಿ ಸಿಗುವ ಅದರ ಗಡ್ಡೆಯ ಪ್ಯಾಕೆಟ್ಟನ್ನು ಉಡುಪಿ, ಮಂಗಳೂರಿನವರು ತರಿಸಬಹುದು. ಆದರೆ ಪ್ಯಾಕೆಟ್ ಮೇಲೆ ಬರೆದ ಹಾಗೆ ನೆಡಬೇಡಿ. ಆ ಸೂಚನೆ ಬರೆದವರ ಕಣ್ಣೆದುರು ಉತ್ತರ ಭಾರತದ ಚಳಿಗಾಲ ಇತ್ತು, ನಮ್ಮ ಡಿಸೆಂಬರ್ ಅಲ್ಲ. ಸ್ವಲ್ಪ ಬದಲಾಯಿಸಿ ನೆಟ್ಟರೆ ನಮ್ಮಲ್ಲೂ ಹೂ ಬರುತ್ತದೆ. ಕಡಿಮೆ ಬರುತ್ತದೆ, ಸಣ್ಣದು ಬರುತ್ತದೆ. ಆದರೂ ಬಂದ ಹೂ ನೋಡಿದ ಮೇಲೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಜಾರಿಲ್ಲ.

ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಗಡ್ಡೆ ಮಾರುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೇಳಲಿಕ್ಕಿರುವುದು ಗಡ್ಡೆಯ ಬಗ್ಗೆ, ನಮ್ಮ ಹವೆಯ ಬಗ್ಗೆ. 10 ಗಡ್ಡೆಯ ಒಂದು ಪ್ಯಾಕೆಟ್‌ಗೆ ಕೊರಿಯರ್ ಖರ್ಚು ಸೇರಿ 350 ರೂಪಾಯಿಯ ಆಸುಪಾಸು ಬಿತ್ತು. ಎರಡು ಪ್ಯಾಕೆಟ್ ತರಿಸಿದೆ. ಒಂದನ್ನು ಅವರು ಹೇಳಿದ ಹಾಗೆ ನೆಡುವುದು, ಇನ್ನೊಂದನ್ನು ಫ್ರಿಜ್‌ನಲ್ಲಿ ಮೊಳಕೆ ಬರಿಸಿ ನೆಡುವುದು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಹೀಗೆ ಅಕ್ಕಪಕ್ಕ ಇಟ್ಟು ನೋಡದೆ ಒಂದು ಸಾಮಾನು ಒಳ್ಳೆಯದೋ ಕೆಟ್ಟದೋ ಅಂತ ಹೇಳಲಿಕ್ಕೆ ಬರುವುದಿಲ್ಲ, ಅಲ್ವಾ?

ಪ್ಯಾಕಿಂಗ್ ಚೆನ್ನಾಗಿತ್ತು. ಗಾಳಿ ಆಡುವ ಬಲೆಚೀಲ, ಒಳಗೆ ಒಣ ಮರದ ಹೊಟ್ಟು, ಹೊರಗೆ ರಟ್ಟಿನ ಪೆಟ್ಟಿಗೆ. ಆದರೂ ಎರಡನೇ ಪ್ಯಾಕೆಟ್‌ನಲ್ಲಿ ಕೆಲವು ಗಡ್ಡೆಯ ಬೆರಳುಗಳು ಮುರಿದು ಪುಡಿಯಾಗಿದ್ದವು. ಒಂದಕ್ಕೆ ಬೂಷ್ಟು ಹಿಡಿದಿತ್ತು. ಫೋಟೋ ತೆಗೆದು ಕಳಿಸಿದೆ. ಮರುದಿನವೇ ಉತ್ತರ ಬಂತು, ಆದರೆ ಬೇರೆ ಗಡ್ಡೆ ಬರಲಿಲ್ಲ, ಮುಂದಿನ ಖರೀದಿಗೆ ಕೂಪನ್ ಬಂತು. ಗಡ್ಡೆ ಅಂದರೆ ಸೀಸನ್ ವಸ್ತು. ಮುಂದಿನ ಖರೀದಿ ಅಂದರೆ ಮುಂದಿನ ವರ್ಷವೇ. ಹಾಳಾದದ್ದಕ್ಕೆ ಬದಲಿ ಗಡ್ಡೆಯನ್ನೇ ಕೊಡಬೇಕಿತ್ತು. ಈ ವಿಷಯದಲ್ಲಿ ನನ್ನ ಅಂಕ ಕಡಿಮೆಯೇ.

ಸುವರ್ಣಗಡ್ಡೆ, ಕೆಸು, ಕೂವೆ ನೋಡಿ ಬೆಳೆದವರಿಗೆ ಇದನ್ನು ಗಡ್ಡೆ ಅಂತ ನಂಬುವುದೇ ಕಷ್ಟ. ನೋಡಲಿಕ್ಕೆ ಸಂತೆಯ ಒಣಸಿಗಡಿಯ ಹಾಗೆಯೇ ಇರುತ್ತದೆ. ಕಂದು ಬಣ್ಣ, ಕೆಳಗೆ ಬಾಗಿದ ಸಣ್ಣ ಸಣ್ಣ ಕಾಲು, ಮೇಲೆ ಬೂದು ರೋಮದ ಒಂದು ಕುಚ್ಚು. ಹಗುರ. ಬೆರಳಲ್ಲಿ ಜೋರಾಗಿ ಒತ್ತಿದರೆ ಮುರಿಯುತ್ತದೆ. ರೋಮ ಇರುವ ಕಡೆಯಿಂದ ಚಿಗುರು ಬರುವುದು. ಹಾಗಾಗಿ ನೆಡುವಾಗ ಕಾಲು ಕೆಳಗೆ, ರೋಮ ಮೇಲೆ. ಗಡ್ಡೆಯ ಸುತ್ತಳತೆ ಹೆಚ್ಚಿದ್ದಷ್ಟು ಹೂ ಜಾಸ್ತಿ. ಹೊರದೇಶದ ಬೆಳೆಗಾರರು ಇದನ್ನು ಸೆಂಟಿಮೀಟರ್ ಲೆಕ್ಕದಲ್ಲೇ ಮಾರುವುದು, 3ರಿಂದ 5, 5ರಿಂದ 7, ಅದಕ್ಕೂ ದೊಡ್ಡದು ಅಂತ. ನನ್ನ ಪ್ಯಾಕೆಟ್ ಮೇಲೆ ಅಳತೆಯೇ ಇರಲಿಲ್ಲ. ಬಂದದ್ದೆಲ್ಲ ಸಣ್ಣ ಗಾತ್ರದ್ದೇ.

ಈಗ ಮುಖ್ಯ ವಿಷಯ. ರಾನನ್‌ಕ್ಯುಲಸ್ ಏಷ್ಯಾಟಿಕಸ್ ಅನ್ನುವ ಈ ಗಿಡದ ಮೂಲ ಊರು ಮೆಡಿಟರೇನಿಯನ್ ಸಮುದ್ರದ ಪೂರ್ವ ಭಾಗ. ಟರ್ಕಿ, ಗ್ರೀಸ್‌ನ ಕ್ರೀಟ್ ದ್ವೀಪ, ಅಲ್ಲಿಂದ ಇರಾನಿನ ಕಡೆಯವರೆಗೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ. ಗಿಡ ತಂಪಿನಲ್ಲಿ ನೀರು ಕುಡಿದು ಬೆಳೆಯುತ್ತದೆ, ವಸಂತದಲ್ಲಿ ಹೂ ಬಿಡುತ್ತದೆ, ಬಿಸಿಲು ಏರಿದ ಕೂಡಲೇ ಎಲೆ ಒಣಗಿಸಿ ಮಣ್ಣಿನೊಳಗೆ ಮಲಗುತ್ತದೆ. ನಮ್ಮಲ್ಲಿ ಎಲ್ಲವೂ ತಿರುಗಾಮುರುಗ. ಮಣ್ಣು ಒದ್ದೆ ಇರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ, ತೇವ. ಹಿಂಗಾರು ಮುಗಿದು ಆಕಾಶ ತಿಳಿಯಾಗುವ ಹೊತ್ತಿಗೆ ಮಾತ್ರ ಒಂದಿಷ್ಟು ತಂಪು. ಅದೂ ಎಷ್ಟು? ಮಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 21–22 ಡಿಗ್ರಿ, ಮಧ್ಯಾಹ್ನ 32–33. ಈ ಗಿಡಕ್ಕೆ ಹಿತವಾದದ್ದು ಹಗಲು 15ರಿಂದ 20, ರಾತ್ರಿ 5ರಿಂದ 10. ಹಗಲು 25 ದಾಟಿ ಅಲ್ಲೇ ನಿಂತಿತು ಅಂದರೆ ಅದು ಮಲಗಲಿಕ್ಕೆ ತಯಾರಾಗುತ್ತದೆ.

ಹಾಗಾದರೆ ನಮ್ಮಲ್ಲಿ ಹೂ ಬರುವುದು ಹೇಗೆ? ಗಿಡದ ಮೊದಲ ಹಂತವನ್ನಾದರೂ ತಂಪಿನಲ್ಲಿ ಮಾಡಿ ಮುಗಿಸಬೇಕು. ಅದಕ್ಕೆ ಫ್ರಿಜ್.

ಪ್ಯಾಕೆಟ್‌ನ ಸೂಚನೆ ಹೀಗಿತ್ತು: ಅಕ್ಟೋಬರ್‌ನಲ್ಲಿ ರಾತ್ರಿಯಿಡೀ ನೆನೆಸಿ, ನೇರ ಮಣ್ಣಿಗೆ ಹಾಕಿ, ಪೂರ್ತಿ ಬಿಸಿಲಿನಲ್ಲಿ ಇಡಿ, ದಿನಾ ನೀರು ಹಾಕಿ. ಈ ನಾಲ್ಕರಲ್ಲಿ ಒಂದೂ ಕರಾವಳಿಗೆ ಆಗುವುದಿಲ್ಲ. ಅಕ್ಟೋಬರ್‌ನಲ್ಲಿ ನಮಗೆ ಸಂಜೆ ಗುಡುಗು ಮಳೆ, ಹಗಲು ಬೆವರು. ಆ ಪ್ರಕಾರ ನೆಟ್ಟ ಚಟ್ಟಿಯನ್ನು ಆಮೇಲೆ ಕೆದಕಿ ನೋಡಿದಾಗ ಹೆಚ್ಚಿನ ಗಡ್ಡೆಗಳು ಲೋಳೆಯಾಗಿ ಕೈಗೆ ಅಂಟಿದವು. ಉಳಿದವು ಎಲೆ ಬಿಟ್ಟವು, ಹೂ ಬಿಡಲಿಲ್ಲ.

ಇನ್ನೊಂದು ಪ್ಯಾಕೆಟ್ಟಿನ ಕಥೆ ಬೇರೆ. ಅಕ್ಟೋಬರ್ ಕೊನೆಗೆ ಗಡ್ಡೆಗಳನ್ನು ಸಾದಾ ನೀರಿನಲ್ಲಿ ನೆನೆಹಾಕಿದೆ. 3–4 ಗಂಟೆ ಸಾಕು. ನಡುವೆ ಒಮ್ಮೆ ನೀರು ಬದಲಾಯಿಸಬೇಕು. ನಾಲ್ಕು ಗಂಟೆಯಲ್ಲಿ ಒಣಗಿ ಮುದುಡಿದ ಕಾಲುಗಳು ತುಂಬಿಕೊಂಡು ಗಡ್ಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮುಟ್ಟಿದರೆ ಮೆತ್ತಗೆ, ಆದರೆ ಪಿಚಕ್ ಅನ್ನುವುದಿಲ್ಲ. ರಾತ್ರಿಯಿಡೀ ಬಿಟ್ಟರೆ ನಮ್ಮ ಸೆಕೆಗೆ ಅಲ್ಲೇ ಕೊಳೆಯಲು ಶುರು. ಆಮೇಲೆ ಒಂದು ಮುಚ್ಚಳದ ಡಬ್ಬಿಯಲ್ಲಿ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ಹಾಕಿದೆ. ಹಿಂಡಿದರೆ ಒಂದು ಹನಿಯೂ ಬೀಳಬಾರದು, ಅಷ್ಟೇ ಪಸೆ. ಅದರಲ್ಲಿ ಗಡ್ಡೆ ಹುಗಿದು, ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು, ಫ್ರಿಜ್‌ನ ಕೆಳಗಿನ ತರಕಾರಿ ಟ್ರೇಯಲ್ಲಿ ಇಟ್ಟೆ. ಫ್ರೀಜರ್‌ನ ಹತ್ತಿರ ಇಡಬಾರದು. ಸಾಮಾನ್ಯವಾಗಿ 10ರಿಂದ 14 ದಿನದಲ್ಲಿ ಬಿಳಿ ಬೇರು ಕಾಣುತ್ತದೆ. ಎರಡು ಮೂರು ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡಬೇಕು. ಬೂಷ್ಟು ಬಂದದ್ದನ್ನು, ಮುಟ್ಟಿದರೆ ಪಿಚಕ್ ಅನ್ನುವುದನ್ನು ತೆಗೆದು ಎಸೆಯಬೇಕು. ಒಂದು ಕೊಳೆತರೆ ಉಳಿದದ್ದಕ್ಕೂ ಹಬ್ಬುತ್ತದೆ.

ಆ ಡಬ್ಬಿಯನ್ನು ಮೊದಲ ಸಲ ತೆರೆದು ನೋಡಿದ ಅತ್ತೆ "ಇದೆಂಥ ಮಾರಾಯ್ತಿ, ಗಡ್ಡೆಗೆ ಫ್ರಿಜ್ಜಾ?" ಅಂದರು. ಅವರು ಹುಟ್ಟಿ ಬೆಳೆದದ್ದು ಶಂಕರಪುರದ ಮಲ್ಲಿಗೆ ತೋಟದ ಮನೆಯಲ್ಲಿ. ಅವರ ಪ್ರಕಾರ ಹೂವಿನ ಗಿಡಕ್ಕೆ ಬೇಕಾದದ್ದು ಬಿಸಿಲು, ಹಿಂಡಿ, ಬೆಳಗಿನ ಜಾವ ಏಳುವ ಮನುಷ್ಯರು. ಆದರೆ ಬೇರು ಬಂದ ದಿನ ಮಣ್ಣು ಕಲಸಿಕೊಟ್ಟವರೂ ಅವರೇ. ಈ ಬರಹದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಮಾತು ಅವರದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಮುರಕಲ್ಲಿನ ಕೆಂಪು ಮಣ್ಣು ಹುಳಿ ಮಣ್ಣು. ಮಳೆಗೆ ಅದರ ಸುಣ್ಣದ ಅಂಶವೆಲ್ಲ ತೊಳೆದುಹೋಗಿರುತ್ತದೆ. ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಈ ಗಡ್ಡೆಗೆ ಅದನ್ನು ಹಾಗೇ ಕೊಟ್ಟರೆ ಉಸಿರು ಕಟ್ಟುತ್ತದೆ. ಮಲ್ಲಿಗೆಯವರು ಇದಕ್ಕೆ ಕಂಡುಕೊಂಡ ಉಪಾಯ ಸುಡುಮಣ್ಣು. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಹಾಕಿ ನಿಧಾನ ಸುಟ್ಟದ್ದು. ಬೂದಿ ಸೇರಿರುವುದರಿಂದ ಹುಳಿ ತಗ್ಗುತ್ತದೆ. ಸುಟ್ಟ ಮಣ್ಣು ಅಂಟುವುದಿಲ್ಲ, ಬಿಡಿಬಿಡಿಯಾಗಿರುತ್ತದೆ. ಮಣ್ಣಿನೊಳಗಿನ ಹುಳ, ಶಿಲೀಂಧ್ರವೂ ಕಡಿಮೆ. ಅತ್ತೆ ಕಲಸಿದ್ದು ಒಂದು ಪಾಲು ಸುಡುಮಣ್ಣು, ಒಂದು ಪಾಲು ತೊಳೆದ ದಪ್ಪ ಹೊಯಿಗೆ (ಮರಳು), ಒಂದು ಪಾಲು ಕೊಕೊಪೀಟ್, ಮೇಲೆ ಒಂದು ಬೊಗಸೆ ಹಳೆಯ ಹಟ್ಟಿಗೊಬ್ಬರ. ಹೊಯಿಗೆ ಹೊಳೆಯದ್ದೇ ಆಗಬೇಕು. ಕಡಲ ಬದಿಯದ್ದಾದರೆ ಉಪ್ಪು. ಹಿಂಡಿ ಹಾಕಲಿಲ್ಲ. ಜಾಸ್ತಿ ಗೊಬ್ಬರ ಸಿಕ್ಕಿದರೆ ಈ ಗಿಡ ಎಲೆ ಮಾತ್ರ ಬಿಡುತ್ತದೆ, ಹಿಂಡಿಯ ವಾಸನೆಗೆ ಇಲಿಯೂ ಬರುತ್ತದೆ. ಪೇಟೆಯಲ್ಲಿ ಇರುವವರಿಗೆ ಸುಡುಮಣ್ಣು ಸಿಗದಿದ್ದರೆ ಪಾಟಿಂಗ್ ಮಿಕ್ಸ್‌ಗೆ ಅರ್ಧಕ್ಕರ್ಧ ಹೊಯಿಗೆ ಸೇರಿಸಿ, ಒಂದು ಚಮಚ ಒಲೆಬೂದಿ ಹಾಕಿ. ನಡೆಯುತ್ತದೆ.

ಚಟ್ಟಿ ಮಣ್ಣಿನದ್ದೇ ಇರಲಿ. ಪ್ಲಾಸ್ಟಿಕ್ ಬೇಡ. ಮಣ್ಣಿನ ಚಟ್ಟಿಯ ಮೈಯಿಂದ ನೀರು ಆವಿಯಾಗುತ್ತಾ ಬೇರು ತಣ್ಣಗಿರುತ್ತದೆ. ನಮ್ಮ ಊರಿನಲ್ಲಿ ಈ ಗಿಡಕ್ಕೆ ಕೊಡಬಹುದಾದ ಪುಕ್ಕಟೆ ತಂಪು ಅದೊಂದೇ. 10 ಇಂಚಿನ ಚಟ್ಟಿಗೆ ಮೂರು ಗಡ್ಡೆ, ಎರಡು ಇಂಚು ಆಳ. ನೆಟ್ಟ ದಿನ ಸರಿಯಾಗಿ ನೀರು ಕೊಟ್ಟು, ಮತ್ತೆ ಚಿಗುರು ಕಾಣುವವರೆಗೆ ಕೈ ಕಟ್ಟಿ ಕೂರಬೇಕು. ಮೇಲಿನ ಮಣ್ಣು ಬೆರಳಿಗೆ ಒಣ ಅನಿಸಿದರೆ ಮಾತ್ರ ನೀರು. ಅದೂ ಬೆಳಿಗ್ಗೆ, ಬುಡಕ್ಕೆ. ಎಲೆಯ ಮೇಲೆ ಬೇಡ.

ತಾರಸಿಯವರಿಗೆ ಒಂದು ಮಾತು. ಕಾಂಕ್ರೀಟ್ ತಾರಸಿ ಈ ಗಿಡದ ಜಾಗವೇ ಅಲ್ಲ. ಸಂಜೆ ಆರಕ್ಕೂ ಕಾಲು ಸುಡುವ ನೆಲದ ಮೇಲೆ ಅದು ಬದುಕುವುದಿಲ್ಲ. ಪೂರ್ವದ ಜಗಲಿ, ಬಾವಿಕಟ್ಟೆಯ ಬದಿ, ಬಾಲ್ಕನಿಯಾದರೆ ಬೆಳಗಿನ ಬಿಸಿಲು ಮಾತ್ರ ಬೀಳುವಂಥದ್ದು. ಹತ್ತು ಗಂಟೆಯ ಮೇಲೆ ನೆರಳು ಬರಬೇಕು. ನನ್ನ ಚಟ್ಟಿಗಳು ಪಶ್ಚಿಮಕ್ಕಿರುವ ಪೇರಳೆ ಮರದ ನೆರಳು ಸಿಗುವ ಹಾಗೆ ಅಂಗಳದ ಮೂಲೆಯಲ್ಲಿದ್ದವು. ಪಡುಗಾಳಿ ಮಧ್ಯಾಹ್ನ ಬಂದರೆ ಒಳ್ಳೆಯದೇ, ಆದರೆ ಕಡಲಿಗೆ ತೀರಾ ಹತ್ತಿರದ ಮನೆಗಳವರು ಗೋಡೆಯ ಮರೆಯಲ್ಲಿ ಇಟ್ಟುಕೊಳ್ಳಿ.

ಎಲೆ ಬಂದ ಮೇಲೆ ಗಿಡ ನೋಡಲು ಕೊತ್ತಂಬರಿ ಸೊಪ್ಪಿನ ಮಡಿಯೇ. ಕೀಟದ ಕಾಟ ಹೆಚ್ಚಿರಲಿಲ್ಲ. ಎಳೆ ಮೊಗ್ಗಿನ ಕೆಳಗೆ ಹೇನು ಕೂತಿತ್ತು, ಬೇವಿನ ಎಣ್ಣೆಗೆ ಸೋಪಿನ ನೀರು ಸೇರಿಸಿ ಸಂಜೆ ಹೊಡೆದೆ, ಹೋಯಿತು.

ಇನ್ನು ಹೂ. ಬೇರು ಬಂದ ಗಡ್ಡೆ ನೆಟ್ಟ ಮೇಲೆ ಹೂವಿಗೆ ಸುಮಾರು ಮೂರು ತಿಂಗಳು ಅನ್ನುವುದು ತಂಪು ಊರಿನ ಲೆಕ್ಕ. ನಮ್ಮಲ್ಲಿ ಸೆಕೆಗೆ ಗಿಡಕ್ಕೇ ಅವಸರ. ಮಕರ ಸಂಕ್ರಾಂತಿ ಕಳೆದು ಸ್ವಲ್ಪದರಲ್ಲೇ ಮೊದಲ ಮೊಗ್ಗು ಕಂಡಿತು. ಸಣ್ಣ ಹಸಿರು ಗುಂಡಿ. ಒತ್ತಿದರೆ ಗಟ್ಟಿ. ಎರಡು ದಿನದಲ್ಲಿ ಅದರ ನೆತ್ತಿಯಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ. ಮರುದಿನ ಬೆಳಿಗ್ಗೆ ಹೊರಗಿನ ಎಸಳು ಬಿಟ್ಟುಕೊಂಡಿತ್ತು. ಆಮೇಲೆ ಒಳಗಿನ ಸುತ್ತು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಒಂದೇ ಹೂವಿನಲ್ಲಿ ನೂರಕ್ಕಿಂತ ಹೆಚ್ಚು ಎಸಳು ಇರುವ ತಳಿಗಳಿವೆ. ನನ್ನದರಲ್ಲಿ ಅಷ್ಟಿರಲಿಲ್ಲ. ಆದರೆ ಎಸಳಿನ ತೆಳುವು ನೋಡಬೇಕು. ಹಿಂದಿನಿಂದ ಬೆಳಗಿನ ಬಿಸಿಲು ಬಿದ್ದಾಗ ಒಂದು ಎಸಳಿನ ನೆರಳು ಅದರ ಮುಂದಿನ ಎಸಳಿನೊಳಗೆ ಕಾಣುತ್ತದೆ. ಹಳದಿಯೊಳಗೆ ಇನ್ನೊಂದು ದಟ್ಟ ಹಳದಿ. ನಡುವೆ ಹಸಿರು ಕಣ್ಣು ಇನ್ನೂ ಬಿಚ್ಚಿರುವುದಿಲ್ಲ. ಸಂಜೆ ಆಗುತ್ತಿದ್ದಂತೆ ಹೂ ಅರ್ಧ ಮುಚ್ಚಿಕೊಂಡಿತು. ಬೆಳಿಗ್ಗೆ ಮತ್ತೆ ತೆರೆಯಿತು, ನಿನ್ನೆಗಿಂತ ಒಂದು ಸುತ್ತು ಜಾಸ್ತಿ. ಕೆಲಸಕ್ಕೆ ಹೊರಡುವ ಮುಂಚೆ ಅಂಗಳಕ್ಕೆ ಹೋಗಿ ನೋಡದೆ ನನ್ನಿಂದ ಇರಲಿಕ್ಕೆ ಆಗುತ್ತಿರಲಿಲ್ಲ.

ಫ್ರಿಜ್‌ನಿಂದ ಬಂದ ಗಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೂ ಬಿಟ್ಟವು. ಪ್ಯಾಕೆಟ್ ಫೋಟೋದಲ್ಲಿ ಅಂಗೈ ಅಗಲದ ಹೂ, ಮೊಣಕಾಲೆತ್ತರದ ದಂಟು. ನನ್ನಲ್ಲಿ ಹೂ ಎರಡು ಇಂಚು, ದಂಟು ಗೇಣುದ್ದಕ್ಕೂ ಕಡಿಮೆ. ಮಿಶ್ರ ಬಣ್ಣ ಅಂತ ಇದ್ದ ಪ್ಯಾಕೆಟ್‌ನಲ್ಲಿ ಹಳದಿ, ಕಿತ್ತಳೆ, ಕೆನೆ ಬಿಳಿ ಬಂದವು. ಮುಖಪುಟದಲ್ಲೇ ಹಾಕಿದ್ದ ಪಿಂಕ್ ಬರಲೇ ಇಲ್ಲ. ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡ್‌ನಲ್ಲಿ 50 ಎಕರೆಯಷ್ಟು ಜಾಗದಲ್ಲಿ ಇದೇ ಹೂ ಸಾಲು ಸಾಲಾಗಿ ಬೆಳೆಯುತ್ತಾರೆ. ಅಲ್ಲಿಯೂ ಪಕ್ಕದಲ್ಲೇ ಸಮುದ್ರ. ಆದರೆ ಆ ಸಮುದ್ರ ತಣ್ಣಗಿನದ್ದು, ನಮ್ಮದು ಬೆಚ್ಚಗಿನದ್ದು. ಆ ಹೊಲದ ಫೋಟೋ ನೋಡಿ ಆಸೆಪಟ್ಟು ಆರ್ಡರ್ ಮಾಡುವವರು ಈ ವ್ಯತ್ಯಾಸ ಗೊತ್ತಿದ್ದೇ ಮಾಡಲಿ.

ಅತ್ತೆ ಹೂವಿನ ಹತ್ತಿರ ಬಗ್ಗಿ ಮೊದಲು ಕೇಳಿದ್ದು, "ಪರಿಮಳ ಉಂಟಾ?"

ಇಲ್ಲ. ಪರಿಮಳ ಇಲ್ಲವೆಂದೇ ಹೇಳಬೇಕು. 800 ಮಲ್ಲಿಗೆ ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಬಾಳೆನಾರಿನಲ್ಲಿ ಕಟ್ಟಿ ಕಟ್ಟಿ ಬೆರಳು ಸವೆಸಿದವರಿಗೆ ಇದು ದೊಡ್ಡ ಕೊರತೆ. ಮುಡಿಯಲಿಕ್ಕೆ ಆಗುವುದಿಲ್ಲ, ಮಾಲೆ ಕಟ್ಟಲಿಕ್ಕೆ ಆಗುವುದಿಲ್ಲ. ದಂಟು ಟೊಳ್ಳು, ನಾರು ಬಿಗಿದರೆ ಮುರಿಯುತ್ತದೆ. ಆದರೂ ಅತ್ತೆ ಒಂದು ಹೂ ಕೊಯ್ದು ತುಳಸಿಕಟ್ಟೆಯಲ್ಲಿ ಇಟ್ಟರು. "ಚಂದಕ್ಕೆ ಚಂದ ಉಂಟು" ಅಂದರು. ಅವರ ಬಾಯಿಂದ ಇದು ದೊಡ್ಡ ಮಾತು.

ಇದರ ನಿಜವಾದ ಬೆಲೆ ಗೊತ್ತಾದದ್ದು ಪಕ್ಕದ ಮನೆಯ ಆಂಟಿಯ ಕೈಯಲ್ಲಿ. ಚರ್ಚಿನ ಅಲ್ತಾರಿಗೆ ಹೂ ಜೋಡಿಸುವವರು ಅವರು. ಆಂಥೂರಿಯಂ, ಆರ್ಕಿಡ್ ಎಲ್ಲ ಅವರ ಮನೆಯಲ್ಲೇ ಇದೆ. ಹೂ ಪೂರ್ತಿ ಅರಳುವ ಮುಂಚೆಯೇ ಕತ್ತರಿಸಬೇಕು ಅಂತ ಅವರು ತೋರಿಸಿಕೊಟ್ಟರು. ಮೊಗ್ಗಿಗೆ ಬಣ್ಣ ಬಂದು, ಮೆಲ್ಲ ಒತ್ತಿದರೆ ಮೆತ್ತಗೆ ಒಳಗೆ ಹೋಗಬೇಕು, ಆಗ ಸರಿಯಾದ ಹೊತ್ತು. ಗಟ್ಟಿ ಇದ್ದರೆ ಹೂದಾನಿಯಲ್ಲಿ ಅರಳುವುದಿಲ್ಲ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಸ್ವಲ್ಪವೇ ನೀರಿನಲ್ಲಿ ಇಟ್ಟರೆ ವಾರ ಬಾಳುತ್ತದೆ. ಜಾಸ್ತಿ ನೀರಿನಲ್ಲಿ ಮುಳುಗಿಸಿದರೆ ಟೊಳ್ಳು ದಂಟು ಕೊಳೆಯುತ್ತದೆ. ನೀರು ದಿನಾ ಬದಲಾಯಿಸಬೇಕು. ಗಿಡದಲ್ಲೇ ಬಿಟ್ಟ ಹೂ ಮಧ್ಯಾಹ್ನದ ಸೆಕೆಗೆ ಮೂರು ನಾಲ್ಕು ದಿನಕ್ಕೇ ಎಸಳು ಚೆಲ್ಲಿತು. ಹಾಗಾಗಿ ನಮ್ಮ ಊರಿನಲ್ಲಿ ಇದನ್ನು ಕೊಯ್ದು ಒಳಗಿಡುವುದೇ ಲಾಭ. ಕೊಯ್ದಷ್ಟೂ ಪಕ್ಕದಿಂದ ಮತ್ತೊಂದು ಮೊಗ್ಗು ಬರುತ್ತದೆ.

ಪ್ಯಾಕೆಟ್‌ನಲ್ಲಿ ಒಂದು ಅಕ್ಷರವೂ ಇಲ್ಲದ, ಆದರೆ ಇರಲೇಬೇಕಾದ ವಿಷಯ ಇದು: ಈ ಗಿಡ ವಿಷ. ಎಲೆ, ದಂಟು, ಗಡ್ಡೆ, ಯಾವುದನ್ನು ಜಜ್ಜಿದರೂ ಅದರ ರಸದಲ್ಲಿ ಪ್ರೋಟೋಅನಿಮೋನಿನ್ ಅನ್ನುವ ಉರಿಯ ಪದಾರ್ಥ ಉಂಟಾಗುತ್ತದೆ. ಚರ್ಮಕ್ಕೆ ತಾಗಿದರೆ ತುರಿಕೆ, ಕೆಲವರಿಗೆ ಗುಳ್ಳೆ. ಬಾಯಿಗೆ ಹೋದರೆ ನಾಲಿಗೆ, ಹೊಟ್ಟೆ ಉರಿ. ಬೆಕ್ಕು, ನಾಯಿ, ದನ ಎಲ್ಲಕ್ಕೂ ಅಪಾಯ. ಸೊಪ್ಪು ಅಂತ ಕಂಡರೆ ಹಟ್ಟಿಗೆ ಎಸೆಯುವ ಅಭ್ಯಾಸ ನಮ್ಮಲ್ಲಿ ಇದೆ. ಇದರ ಹಸಿ ಗಿಡವನ್ನು ದಯವಿಟ್ಟು ದನದ ಮುಂದೆ ಹಾಕಬೇಡಿ. ಮಕ್ಕಳಿರುವ ಮನೆಯಲ್ಲಿ ಚಟ್ಟಿ ಎತ್ತರದಲ್ಲಿರಲಿ. ಕತ್ತರಿಸುವಾಗ ಕೈಗವಸು ಹಾಕಿ, ಇಲ್ಲವಾದರೆ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಗಿಡ ಮಾರುವವರು ಇದನ್ನು ದೊಡ್ಡಕ್ಷರದಲ್ಲಿ ಬರೆಯಬೇಕು. ಬರೆಯದೇ ಇರುವುದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಫೆಬ್ರವರಿ ಕೊನೆಗೆ ಎಲೆ ಹಳದಿಯಾಯಿತು. ಅದು ರೋಗ ಅಲ್ಲ, ನಿದ್ದೆಯ ಸೂಚನೆ. ನೀರು ನಿಲ್ಲಿಸಿ, ಎಲೆ ಪೂರ್ತಿ ಒಣಗಿದ ಮೇಲೆ ಗಡ್ಡೆ ಕಿತ್ತು, ಮಣ್ಣು ಕೊಡವಿ, ನೆರಳಿನಲ್ಲಿ ಒಣಗಿಸಬೇಕು. "ಪ್ರತಿ ವರ್ಷ ಹೂ" ಅಂತ ಪ್ಯಾಕೆಟ್ ಹೇಳುತ್ತದೆ. ನಮ್ಮಲ್ಲಿ ಅದನ್ನು ನಂಬಿ ದುಡ್ಡು ಹಾಕಬೇಡಿ. ಗೋಡೆಯೇ ಬೆವರುವ ಜೂನ್, ಜುಲೈಯಲ್ಲಿ ಒಣ ಗಡ್ಡೆ ಉಳಿಸುವುದು ಹಪ್ಪಳ ಉಳಿಸುವುದಕ್ಕಿಂತ ಕಷ್ಟ. ಸೆಕೆಯಲ್ಲಿ ಬೆಳೆದ ಗಿಡ ಗಡ್ಡೆಯಲ್ಲಿ ಶಕ್ತಿಯನ್ನೂ ಜಾಸ್ತಿ ಕೂಡಿಟ್ಟಿರುವುದಿಲ್ಲ. ಕರಾವಳಿಗೆ ಇದು ಒಂದೇ ಸೀಸನ್‌ನ ಗಿಡ ಅಂತ ಲೆಕ್ಕ ಹಾಕಿ.

ಹಾಗಾದರೆ ಯಾರು ತೆಗೆದುಕೊಳ್ಳಬೇಕು? ದಿನಾ ಬೆಳಿಗ್ಗೆ ಹತ್ತು ನಿಮಿಷ ಗಿಡದ ಹತ್ತಿರ ನಿಲ್ಲುವವರು, ಫ್ರಿಜ್‌ನಲ್ಲಿ ಒಂದು ಡಬ್ಬಿಯ ಜಾಗ ಬಿಡುವವರು, ನಾಲ್ಕೈದು ಹೂವಿಗೆ ಖುಷಿ ಪಡುವವರು. ಅಂಗಳ ತುಂಬ ಬಣ್ಣ ಬೇಕು ಅನ್ನುವವರು ಈ ದುಡ್ಡಿಗೆ ನರ್ಸರಿಯಿಂದ ಟೇಬಲ್ ರೋಸ್ ಅಂತ ಕರೆಯುವ ಹತ್ತು ಗಂಟೆಯ ಹೂ ತನ್ನಿ. ಎಸಳಿನ ಮೇಲೆ ಎಸಳು ಅದರಲ್ಲೂ ಇದೆ, ನಮ್ಮ ಬಿಸಿಲೆಂದರೆ ಅದಕ್ಕೆ ಇಷ್ಟ. ಘಟ್ಟದ ಮೇಲೆ ಕೊಪ್ಪ, ಕಳಸ, ಮಡಿಕೇರಿ ಕಡೆ ನೆಂಟರಿದ್ದರೆ ಅವರಿಗೆ ಒಂದು ಪ್ಯಾಕೆಟ್ ಕಳಿಸಿ. ಅಲ್ಲಿನ ಚಳಿಗೆ ಗಿಡ ಇನ್ನೂ ಚೆನ್ನಾಗಿ ಬರುತ್ತದೆ. ನಾನು ಈ ಸಲ ಕೊಪ್ಪದ ದೊಡ್ಡಕ್ಕನಿಗೆ ಕಳಿಸುತ್ತಿದ್ದೇನೆ.

ಆರ್ಡರ್ ಮಾಡುವುದಾದರೆ ಸೆಪ್ಟೆಂಬರ್ ಕೊನೆಗೇ ಮಾಡಿ. ತಡವಾದರೆ ಗಡ್ಡೆ ಫ್ರಿಜ್‌ನಿಂದ ಹೊರಗೆ ಬರುವಾಗ ಡಿಸೆಂಬರ್ ಆಗಿರುತ್ತದೆ, ಹೂ ಬರುವ ಮೊದಲೇ ಸೆಕೆ ಶುರು. ಮಾರುವವರಿಗೆ ಮೆಸೇಜ್ ಹಾಕಿ ಗಡ್ಡೆಯ ಸುತ್ತಳತೆ ಕೇಳಿ. 5 ಸೆಂಟಿಮೀಟರ್‌ಗಿಂತ ಸಣ್ಣದಾದರೆ ಬೇಡ ಅನ್ನಿ. ಚಟ್ಟಿಗೆಂದೇ ಮಾಡಿದ ಗಿಡ್ಡ ತಳಿ ಇದೆಯಾ ಅಂತಲೂ ಕೇಳಿ. ದಂಟು ಉದ್ದ ಬರದ ನಮ್ಮ ಊರಿಗೆ ಅದೇ ಒಳ್ಳೆಯದು. ಹಾಳಾದ ಗಡ್ಡೆಗೆ ಬದಲಿ ಗಡ್ಡೆ ಕೊಡುತ್ತೀರಾ, ಕೂಪನ್ ಕೊಡುತ್ತೀರಾ ಅಂತ ದುಡ್ಡು ಹಾಕುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಪೆಟ್ಟಿಗೆ ಬಂದ ದಿನವೇ ತೆರೆದು, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ.